ಮಾತ್ರೆ ಮುಗಿದ ನಂತರದ ಇಪ್ಪತ್ತನಾಲ್ಕು ತಿಂಗಳು: ಕ್ಷಯರೋಗದ ಅನುಸರಣಾ ಆರೈಕೆ ಮತ್ತು ಗ್ರಾಮ ಪಂಚಾಯತಿ

ಶ್ವಾಸಕೋಶದ ಕ್ಷಯರೋಗಕ್ಕೆ ಆರು ತಿಂಗಳ ಪ್ರತಿಜೀವಕ ಚಿಕಿತ್ಸೆ ಪೂರ್ಣಗೊಂಡು, ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಕಂಡುಬರದಿದ್ದಾಗ ರೋಗಿಯ ಹೆಸರಿನ ಮುಂದೆ ‘ಗುಣಮುಖ’ ಎಂದು ದಾಖಲಾಗುತ್ತದೆ. ನಮ್ಮ ಪಂಚಾಯತಿಯ ಕ್ಷಯಮುಕ್ತ ಅಭಿಯಾನದ ಕಡತವೂ ಅಲ್ಲಿಗೇ ಮುಕ್ತಾಯವಾಗುತ್ತಿತ್ತು. ಆದರೆ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಮಾರ್ಗಸೂಚಿಯಂತೆ, ಚಿಕಿತ್ಸೆ ಮುಗಿದ ಬಳಿಕ 6, 12, 18 ಮತ್ತು 24ನೇ ತಿಂಗಳುಗಳಲ್ಲಿ ಆ ವ್ಯಕ್ತಿಯನ್ನು ಮತ್ತೆ ತಪಾಸಣೆಗೆ ಒಳಪಡಿಸತಕ್ಕದ್ದು. ರಸ್ತೆ ಕಾಮಗಾರಿ ಮುಗಿದ ಮೇಲೂ ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿ ಮುಗಿಯುವವರೆಗೆ ಆತನ ಠೇವಣಿಯನ್ನು ಬಿಡುಗಡೆ ಮಾಡದ ನಾವು, ಮನುಷ್ಯನ ಶ್ವಾಸಕೋಶದ ವಿಷಯದಲ್ಲಿ ಮಾತ್ರ ಅಂತಿಮ ಬಿಲ್ಲಿಗೆ ಸಹಿ ಹಾಕಿ ಸುಮ್ಮನಾಗಿದ್ದೆವು.

ನಮ್ಮ ವ್ಯಾಪ್ತಿಯ ಕಲ್ಲುಕ್ವಾರಿಯ ಕಾರ್ಮಿಕರೊಬ್ಬರು ಒಂದು ದಿನವೂ ತಪ್ಪದೆ ಮಾತ್ರೆ ಸೇವಿಸಿ ಗುಣಮುಖರಾಗಿ, ಅದೇ ಕೆಲಸಕ್ಕೆ ಮರಳಿದ್ದರು. ಐದನೆಯ ತಿಂಗಳಲ್ಲಿ ಕೆಮ್ಮು ಆರಂಭವಾಯಿತು. ಧೂಳಿನ ಕೆಮ್ಮೆಂದು ಭಾವಿಸಿ ಔಷಧಿ ಅಂಗಡಿಯ ಸಿರಪ್ಪಿನಲ್ಲಿಯೇ ಇನ್ನೂ ನಾಲ್ಕು ತಿಂಗಳು ಕಳೆದರು. ಆರನೆಯ ತಿಂಗಳ ಭೇಟಿಯನ್ನು ಯಾರೂ ಮಾಡಿರಲಿಲ್ಲ. ಕಫ ಪರೀಕ್ಷೆಯಾಗುವ ವೇಳೆಗೆ ಮನೆಯ ನಾಲ್ಕು ವರ್ಷದ ಮೊಮ್ಮಗಳಿಗೂ ರೋಗ ತಗುಲಿತ್ತು. ಈಗ ಇಬ್ಬರೂ ಚಿಕಿತ್ಸೆಯಲ್ಲಿದ್ದಾರೆ. ನಮ್ಮ ಪಟ್ಟಿಯಲ್ಲಿ ಅವರು ಅಂದಿಗೂ ‘ಗುಣಮುಖ’ರೇ ಆಗಿದ್ದರು.

ರೋಗ ಮರಳಲು ಎರಡು ದಾರಿಗಳಿವೆ. ಮೊದಲ ಎರಡು ತಿಂಗಳ ನಾಲ್ಕು ಔಷಧಿಗಳು ಬಹುಪಾಲು ರೋಗಾಣುಗಳನ್ನು ಕೊಲ್ಲುತ್ತವೆ. ಮಂದಗತಿಯಲ್ಲಿ ಬದುಕಿರುವ ಉಳಿದವುಗಳಿಗಾಗಿಯೇ ಮುಂದಿನ ನಾಲ್ಕು ತಿಂಗಳ ಔಷಧಿ. ಅವುಗಳಲ್ಲಿ ಕೆಲವು ಉಳಿದುಕೊಂಡರೆ ಮತ್ತೆ ವೃದ್ಧಿಯಾಗುತ್ತವೆ, ಹೆಚ್ಚಾಗಿ ಮೊದಲ ವರ್ಷದೊಳಗೇ. ಎರಡನೆಯದು, ಬೇರೊಬ್ಬರಿಂದ ಹೊಸದಾಗಿ ತಗುಲುವ ಸೋಂಕು. ಮಧುಮೇಹ, ಎಚ್‌ಐವಿ, ಅಪೌಷ್ಟಿಕತೆ, ಬೀಡಿ, ಮದ್ಯ ಮತ್ತು ಕಲ್ಲಿನ ಧೂಳು ಈ ಅಪಾಯವನ್ನು ಹೆಚ್ಚಿಸುತ್ತವೆ. ನಿಕ್ಷಯ್ ಪೋಷಣ್ ಯೋಜನೆಯಡಿ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಕೆಯಾದ ನೆರವು ಚಿಕಿತ್ಸೆಯ ಅವಧಿಗೆ ಮಾತ್ರ ಸೀಮಿತ. ಮಾತ್ರೆಯೊಂದಿಗೆ ಆ ಹಣವೂ ನಿಲ್ಲುತ್ತದೆ. ತಟ್ಟೆಯಲ್ಲಿದ್ದ ಮೊಟ್ಟೆಯೂ ಕಾಣೆಯಾಗುತ್ತದೆ.

ಹಾಗೆಂದು ಪ್ರತಿಯೊಂದು ಕೆಮ್ಮೂ ಮರುಕಳಿಕೆಯಲ್ಲ. ರೋಗಾಣು ಸತ್ತರೂ ಅದು ಮಾಡಿದ ಗಾಯ ಕಲೆಯಾಗಿ ಉಳಿಯುತ್ತದೆ. ಶ್ವಾಸನಾಳಗಳು ಹಿಗ್ಗಿ ಕಫ ತುಂಬುವುದು, ಹಳೆಯ ಪೊಳ್ಳಿನಲ್ಲಿ ಶಿಲೀಂಧ್ರ ಬೆಳೆಯುವುದು, ಏರು ಹತ್ತುವಾಗ ಏದುಸಿರು ಬರುವುದು ಇವೆಲ್ಲ ಸಂಭವನೀಯ. ಎಕ್ಸ್‌-ರೇಯಲ್ಲಿ ಕಲೆ ಕಂಡ ಮಾತ್ರಕ್ಕೆ ರೋಗ ಮರಳಿದೆ ಎನ್ನಲಾಗದು. ಇತ್ತೀಚೆಗಷ್ಟೇ ಗುಣವಾದವರಲ್ಲಿ ಸಿಬಿನ್ಯಾಟ್ ಯಂತ್ರವು ಸತ್ತ ರೋಗಾಣುವಿನ ಕುರುಹನ್ನೂ ತೋರಿಸಬಲ್ಲದು. ಆದ್ದರಿಂದ ಕಫದ ಕಲ್ಚರ್ ಪರೀಕ್ಷೆ ಅಗತ್ಯವೇ ಎಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ. ಮನೆಯಲ್ಲಿ ಉಳಿದ ಹಳೆಯ ಮಾತ್ರೆಗಳನ್ನು ತಾವಾಗಿಯೇ ನುಂಗುವುದಂತೂ ಸಲ್ಲದು. ಅರೆಬರೆ ಸೇವನೆಯಿಂದ ಔಷಧಿಗೆ ಬಗ್ಗದ ಕ್ಷಯ ಹುಟ್ಟುತ್ತದೆ. ಕಫದಲ್ಲಿ ರಕ್ತ ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು.

ರೋಗನಿರ್ಣಯ ಪಂಚಾಯತಿಯ ಕೆಲಸವಲ್ಲ. ದಿನಾಂಕವನ್ನು ನೆನಪಿಡುವುದು ನಮ್ಮ ಕೆಲಸ. ಗುಣಮುಖರಾದವರ ನಾಲ್ಕು ಭೇಟಿಗಳ ದಿನಾಂಕಗಳನ್ನು ಚಿಕಿತ್ಸೆ ಮುಗಿದ ದಿನವೇ ಆಶಾ ಕಾರ್ಯಕರ್ತೆ ಹಾಗೂ ಸಮುದಾಯ ಆರೋಗ್ಯಾಧಿಕಾರಿಯವರೊಂದಿಗೆ ಕುಳಿತು ಬರೆದಿಡುವ ಪದ್ಧತಿಯನ್ನು ನಾವು ಆರಂಭಿಸಿದ್ದೇವೆ. ಪ್ರತಿ ಭೇಟಿಯಲ್ಲಿ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇವಿಷ್ಟನ್ನು ವಿಚಾರಿಸಲಾಗುತ್ತದೆ. ಒಂದು ಲಕ್ಷಣವಿದ್ದರೂ ಕಫ ಪರೀಕ್ಷೆಗೆ ಕಳುಹಿಸಲಾಗುತ್ತದೆ. ತೂಕವನ್ನು ಬಾಯಿಮಾತಿನಲ್ಲಿ ಕೇಳದೆ ಅಳೆದೇ ಬರೆಯಬೇಕು. ಹೆಸರುಗಳನ್ನು ಗ್ರಾಮಸಭೆಯಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಓದತಕ್ಕದ್ದಲ್ಲ. ಒಮ್ಮೆ ಹಾಗಾದರೆ ಮುಂದಿನ ಭೇಟಿಗೆ ಬಾಗಿಲು ತೆರೆಯುವುದಿಲ್ಲ. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಇಂಥವರಿಗೆ ಮಣ್ಣು ಅಗೆಯುವುದರ ಬದಲು ಸಸಿಗಳಿಗೆ ನೀರುಣಿಸುವಂತಹ ಹಗುರ ಕೆಲಸ ಕೊಡಬಹುದು.

ಹೆಚ್ಚು ತೊಡಕಿರುವುದು ಗುಳೆ ಹೋಗುವ ಕುಟುಂಬಗಳಲ್ಲಿ. ನಮ್ಮ ಪಟ್ಟಿಯಲ್ಲಿರುವ ಒಂಬತ್ತು ಜನರಲ್ಲಿ ಮೂವರು ಸುಗ್ಗಿಯ ನಂತರ ಊರಿನಲ್ಲಿರುವುದಿಲ್ಲ. ಅವರ ಮೊಬೈಲ್ ಸಂಖ್ಯೆಯೊಂದಿಗೆ ಊರಿನಲ್ಲಿ ಉಳಿಯುವ ಬಂಧುವೊಬ್ಬರ ಸಂಖ್ಯೆಯನ್ನೂ ಪಡೆದು, ಹೋಗುವ ಊರಿನ ಹೆಸರನ್ನು ಆರೋಗ್ಯ ಸಿಬ್ಬಂದಿಗೆ ಹೊರಡುವ ಮುನ್ನವೇ ತಿಳಿಸುತ್ತಿದ್ದೇವೆ.