ಕತ್ತಲೆಕಾನು ಕಲಿಸಿದ ಪಾಠ

ಕಳೆದ ಮಾರ್ಚ್ ತಿಂಗಳಲ್ಲಿ ನಾವು ಕೆಲವು ಸದಸ್ಯರು ಅನುಮತಿ ಪಡೆದು, ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಒಂದು ದಿನ ಕಾಲ್ನಡಿಗೆಯಲ್ಲಿ ಸುತ್ತಿ ಬಂದೆವು. ಹೆಸರಿಗೆ ತಕ್ಕ ಕಾನು. ನಡುಹಗಲಿನಲ್ಲೂ ನೆಲಕ್ಕೆ ಬಿಸಿಲು ಬೀಳುವುದು ಅಪರೂಪ. ಇಬ್ಬರು ಸೇರಿದರೂ ತಬ್ಬಲಾಗದ ಮರಗಳಿವೆ. ಅಲ್ಲಿ ಕಂಡದ್ದರಲ್ಲಿ ತೋಟಗಾರರಿಗೆ ಉಪಯುಕ್ತವಾದ ಮೂರು ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಮೊದಲನೆಯದು ನೀರು. ಆ ಹೊತ್ತಿಗೆ ನಮ್ಮ ತೋಟಗಳ ಹೊಂಡಗಳು ತಳ ಕಂಡಿದ್ದವು. ಕಾನಿನ ಹಳ್ಳ ಹರಿಯುತ್ತಲೇ ಇತ್ತು. ಹಳ್ಳದುದ್ದಕ್ಕೂ ಇರುವ ರಾಮಪತ್ರೆ ಜಾತಿಯ ಮರಗಳ ಜೌಗು ಇದಕ್ಕೆ ಮುಖ್ಯ ಕಾರಣ. ಕೆಸರಿನಲ್ಲಿ ಗಾಳಿ ಸಾಲದಾದ್ದರಿಂದ ಈ ಮರಗಳ ಬೇರುಗಳು ಮೊಣಕಾಲು ಮಡಿಸಿದಂತೆ ಮೇಲೆದ್ದು ಉಸಿರಾಡುತ್ತವೆ. ಬೇರು, ತರಗೆಲೆ, ಕೆಸರು ಸೇರಿ ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ನಿಧಾನವಾಗಿ ಬಿಟ್ಟುಕೊಡುತ್ತವೆ. ಕಾಡುಗೇರಿನ ಕುಲದ ಹೊಸ ಮರವೊಂದಕ್ಕೆ ವಿಜ್ಞಾನಿಗಳು 2000ದಲ್ಲಿ ಈ ಕಾನಿನ ಹೆಸರನ್ನೇ ಇಟ್ಟಿದ್ದಾರೆ.

ಎರಡನೆಯದು ಪೊಟರೆ. ಹೆಣ್ಣು ಮಂಗಟ್ಟೆ ಹಕ್ಕಿ ದೊಡ್ಡ ಮರದ ಪೊಟರೆ ಹೊಕ್ಕು, ಬಾಯಿ ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ಗಂಡು ಸಣ್ಣ ಸೀಳಿನಿಂದ ಹಣ್ಣು ಉಣಿಸುತ್ತದೆ. ಆ ಹಣ್ಣುಗಳ ಬೀಜ ದೂರ ದೂರ ಬಿದ್ದು ಮೊಳೆಯುತ್ತದೆ. ಹಳೆಯ ಮರ ಹೋದರೆ ಕಾಡಿನ ಬಿತ್ತನೆಗಾರನೂ ಹೋದಂತೆ.

ಮೂರನೆಯದು ಕೊಂಬೆಗಳ ದಾರಿ. ಸಿಂಗಳೀಕ ನೆಲಕ್ಕಿಳಿಯುವುದು ಕಡಿಮೆ. ಮರದಿಂದ ಮರಕ್ಕೆ ಹಾದಿ ತಪ್ಪಿದರೆ ಅದರ ಬದುಕು ಕಷ್ಟ. ಅದರ ರಕ್ಷಣೆಗೆಂದೇ ಸರ್ಕಾರ 2011ರಲ್ಲಿ ಅಘನಾಶಿನಿ ಭಾಗದಲ್ಲಿ ಸಂರಕ್ಷಿತ ಪ್ರದೇಶವನ್ನು ಘೋಷಿಸಿತು.

ಇಂಥ ಜೌಗು ಕಣಿವೆಗಳನ್ನೇ ಬಸಿದು ಹಿಂದಿನವರು ಅಡಿಕೆ ತೋಟ ಎಬ್ಬಿಸಿದರು. ಅವರನ್ನು ದೂರುವುದು ಬೇಡ. ಆದರೆ ತೋಟದ ಮೇಲಿನ ಜೌಗನ್ನು ಬಸಿಗಾಲುವೆ ತೋಡಿ ಒಣಗಿಸಿ, ಈಗ ಅದೇ ತೋಟಕ್ಕೆ ಕೊಳವೆಬಾವಿ ಕೊರೆಸುತ್ತಿರುವವರು ನಮ್ಮಲ್ಲೇ ಇದ್ದೇವೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ: ಉಳಿದಿರುವ ಜೌಗಿಗೆ ಹೊಸ ಕಾಲುವೆ ತೋಡಬೇಡಿ. ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಪೊಟರೆಯ ಮರವನ್ನು ಬಿಡಿ. ರಾಮಪತ್ರೆಗಾಗಿ ಕೊಂಬೆ ಕಡಿಯದೆ, ಮಾಗಿ ಉದುರಿದ ಕಾಯಿಯನ್ನೇ ಆರಿಸಿ. ಕಾಫಿಗೆ ನೆರಳಾಗಿ ಸಿಲ್ವರ್ ಓಕ್ ಒಂದನ್ನೇ ನಂಬದೆ ಅತ್ತಿ, ಬಸರಿ, ಹಲಸುಗಳನ್ನೂ ಉಳಿಸಿಕೊಳ್ಳಿ.

ಇದಕ್ಕೆ ಖರ್ಚು ಹೆಚ್ಚಿಲ್ಲ. ಕೊಡಲಿ ಎತ್ತುವ ಮುನ್ನ ಒಂದು ಕ್ಷಣ ತಲೆಯೆತ್ತಿ ನೋಡಿದರೆ ಸಾಕು.