ಕಾಡಂಚಿನ ಊರಿನಲ್ಲಿ ಕಟ್ಟದ ನಾಯಿ

ಬೆಳಗಾವಿ ಕಡೆಯಿಂದ ಅನಮೋಡ ಘಾಟಿ ಇಳಿದು ಗೋವಾ ಹೊಕ್ಕರೆ ಮೊಲೆಂ ಸಿಗುತ್ತದೆ. ಊರಿಗೆ ಒತ್ತಿಕೊಂಡೇ ಭಗವಾನ್ ಮಹಾವೀರ ವನ್ಯಜೀವಿಧಾಮವಿದೆ, ಸುಮಾರು 240 ಚದರ ಕಿಲೋಮೀಟರ್ ಕಾಡು. ಕೆಲಸಕ್ಕೆಂದು ಬಂದು ಇಲ್ಲಿ ಮನೆ ಮಾಡುವವರು ಮೊದಲು ಒಂದು ಮಾತು ತಿಳಿದಿರಲಿ: ಬೀದಿಯಲ್ಲಿ ಕಾಣುವ ನಾಯಿಗಳೆಲ್ಲ ಬೀದಿನಾಯಿಗಳಲ್ಲ. ಕೊರಳಲ್ಲಿ ಪಟ್ಟಿ ಇರುತ್ತದೆ, ಹಿತ್ತಲಲ್ಲಿ ಅನ್ನ ಸಿಗುತ್ತದೆ, ಮಿಕ್ಕ ಹೊತ್ತೆಲ್ಲ ತಿರುಗಾಟ. ಅದು ಯಾರ ಮನೆಯ ನಾಯಿ ಎಂದು ಕಾಡಿನ ಪುಟ್ಟ ಬರ್ಕ ಜಿಂಕೆ ಕೇಳುವುದಿಲ್ಲ.

ರೇಬೀಸ್‌ನಿಂದ ಶುರು ಮಾಡೋಣ, ಏಕೆಂದರೆ ಗೋವಾದಿಂದ ಕಲಿಯಬೇಕಾದ್ದು ಅಲ್ಲಿದೆ. ಮಿಷನ್ ರೇಬೀಸ್ ಸಂಸ್ಥೆ ಮತ್ತು ರಾಜ್ಯ ಸರ್ಕಾರ ಸೇರಿ ಊರೂರು ಸುತ್ತಿದವು. ಸಾಕುನಾಯಿಗೆ ಮನೆಬಾಗಿಲಲ್ಲೇ ಲಸಿಕೆ. ಕೈಗೆ ಸಿಗದ ನಾಯಿಯನ್ನು ಬಲೆಯಲ್ಲಿ ಹಿಡಿದು, ಚುಚ್ಚಿ, ಮೈಮೇಲೆ ಬಣ್ಣದ ಗುರುತು ಹಾಕಿ ಅಲ್ಲೇ ಬಿಡುವುದು. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಣೆಯಾಯಿತು, ದೇಶದಲ್ಲಿ ಅಂಥ ಮೊದಲ ರಾಜ್ಯ.

ಇಲ್ಲಿ ಲೆಕ್ಕ ಸರಳ. ರೇಬೀಸ್ ಹಿಡಿದ ನಾಯಿ ಸಾಯುವ ಮೊದಲು ಸರಾಸರಿ ಒಂದೆರಡು ನಾಯಿಗಳಿಗೆ ರೋಗ ದಾಟಿಸುತ್ತದೆ. ನೂರರಲ್ಲಿ 70 ನಾಯಿಗಳಿಗೆ ಲಸಿಕೆ ಬಿದ್ದಿದ್ದರೆ ಆ ಕಚ್ಚು ಹೆಚ್ಚಾಗಿ ವ್ಯರ್ಥವಾಗಿ, ಸರಪಳಿ ಕಡಿಯುತ್ತದೆ. ಆದರೆ ನಾಯಿಗಳ ಆಯಸ್ಸು ಕಡಿಮೆ, ಮರಿಗಳು ಬೇಗ ಹುಟ್ಟುತ್ತವೆ. ಹಾಗಾಗಿ ಪ್ರತಿವರ್ಷ ಮತ್ತೆ ಸುತ್ತಬೇಕು. ನಾಯಿಗಳನ್ನು ಕೊಂದರೆ ಆಗದೇ ಎನ್ನುವವರಿದ್ದಾರೆ. ಲಸಿಕೆ ಬಿದ್ದ ನಾಯಿಯನ್ನು ತೆಗೆದ ಜಾಗಕ್ಕೆ ಲಸಿಕೆಯಿಲ್ಲದ್ದು ಬಂದು ಕೂತರೆ ಮಾಡಿದ ಖರ್ಚೂ ಹಾಳು. ಗಡಿ ಊರಿಗಂತೂ ಆಚೆ ರಾಜ್ಯದಿಂದ ನಾಯಿ ಬರಲು ಚೆಕ್‌ಪೋಸ್ಟ್ ಅಡ್ಡವಿಲ್ಲ.

ಕಾಡಿನ ಕಥೆ ಇಷ್ಟು ಸಮಾಧಾನದ್ದಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ವನಕ್ ಮತ್ತು ಸಂಗಡಿಗರು ದೇಶದ ನಾನಾ ಕಡೆಯಿಂದ ಸಂಗ್ರಹಿಸಿದ ವರದಿಗಳ ಪ್ರಕಾರ ನಾಯಿಗಳು 80 ಜಾತಿಯ ವನ್ಯಜೀವಿಗಳ ಮೇಲೆ ಬಿದ್ದಿವೆ. ಹತ್ತಿರಹತ್ತಿರ ಅರ್ಧದಷ್ಟು ಘಟನೆಗಳು ರಕ್ಷಿತ ಕಾಡುಗಳ ಒಳಗೆ ಅಥವಾ ಅಂಚಿನಲ್ಲಿ. ಕಚ್ಚದೆಯೂ ಕೆಡುಕು ಮಾಡಬಹುದು. 2018ರಲ್ಲಿ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಡಿಸ್ಟೆಂಪರ್ ವೈರಸ್ ಪತ್ತೆಯಾಯಿತು. ನಾಯಿಗಳಲ್ಲಿ ಮಾಮೂಲಾದ ರೋಗ ಅದು. ಮೊಲೆಂ ಕಾಡಿನ ಸೀಳುನಾಯಿಗೂ ಬರಬಲ್ಲದು.

ಇನ್ನು ಚಿರತೆ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಅವರ ತಂಡ ನೋಡಿದಾಗ ಚಿರತೆ ತಿಂದ ಆಹಾರದ ತೂಕದಲ್ಲಿ ಶೇ. 39 ಪಾಲು ನಾಯಿಯದೇ. ಅಂಗಳದಲ್ಲಿ ಬಿಟ್ಟ ನಾಯಿ ಚಿರತೆಗೆ ಮನೆಯ ದಾರಿ ತೋರಿಸುತ್ತದೆ.

ಬಿಟ್ಟು ಮೇಯಿಸುವ ದನದ ಪಾಡೂ ಇದೇ. 2020ರ ಜನವರಿಯಲ್ಲಿ ಮೊಲೆಂ ಕಾಡಿಗೆ ಅಂಟಿಕೊಂಡ ಮ್ಹಾದೇಯಿ ಅಭಯಾರಣ್ಯದಲ್ಲಿ ಒಂದು ತಾಯಿ ಹುಲಿ, ಮೂರು ಮರಿಗಳು ವಿಷಕ್ಕೆ ಬಲಿಯಾದವು. ಅದಕ್ಕೆ ಮೊದಲು ಹುಲಿ ದನ ಹಿಡಿದಿತ್ತು. ದನ ಕಳೆದುಕೊಂಡವರಿಗೆ ಪರಿಹಾರ ಬೇಗ ಕೈಸೇರಬೇಕು. ನನ್ನ ಮಟ್ಟಿಗೆ ಹುಲಿಗೆ ಅದಕ್ಕಿಂತ ದೊಡ್ಡ ಕಾವಲಿಲ್ಲ.

ನೀವು ಮಾಡಬೇಕಾದ್ದು ಹೆಚ್ಚಿಲ್ಲ. ಹೊತ್ತು ಮುಳುಗಿದ ಮೇಲೆ ನಾಯಿಯನ್ನು ಒಳಗಿರಿಸಿ. ಎಂಜಲು, ಕೋಳಿ ತ್ಯಾಜ್ಯವನ್ನು ರಸ್ತೆಬದಿ ಸುರಿಯಬೇಡಿ. ನಾಯಿ ಹಿಂಡು ಬೆಳೆಯುವುದು ಅದರ ಮೇಲೇ. ಬೀದಿನಾಯಿಯ ಕಿವಿ ನೋಡಿ: ತುದಿಯಲ್ಲಿ ಕತ್ತರಿಸಿದ ಕಚ್ಚು ಇದ್ದರೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ನಾಯಿ ಕಚ್ಚಿದರೆ, ಅದು ಪರಿಚಯದ್ದೇ ಆಗಿರಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದಪುಡಿ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ ಮೊದಲ ಚುಚ್ಚುಮದ್ದು ತೆಗೆದುಕೊಳ್ಳಿ. ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಮುಂದಿನ ಚುಚ್ಚುಮದ್ದುಗಳ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.