ಹಲ್ಲು ಕೀಳುವ ಕೈಗೆ ಒಂಬತ್ತು ಸೂತ್ರಗಳು

ಹೊಸದಾಗಿ ಹೌಸ್ ಸರ್ಜನ್ ಆಗಿ ಡೆಂಟಲ್ ಚೇರಿನ ಪಕ್ಕ ನಿಂತವರಿಗೆ ಈ ಮಾತು. ಹಲ್ಲು ಕೀಳುವುದು ತೋಳ್ಬಲದ ಕೆಲಸವೆಂದು ಊರೆಲ್ಲ ನಂಬಿದೆ. ಹೆದರಿ ಬರುವವರ ಹೆದರಿಕೆಗೂ ಆ ನಂಬಿಕೆಯೇ ಮೂಲ. ನಿಜದಲ್ಲಿ ಬೇರನ್ನು ಮೂಳೆಗೆ ಬಿಗಿದ ನಾರುಗಳು ಹರಿದು, ಸುತ್ತಲಿನ ಗೂಡು ತುಸು ಹಿಗ್ಗಿದರೆ ಹಲ್ಲು ತಾನೇ ಎದ್ದು ಬರುತ್ತದೆ. ಟ್ರೇಯಲ್ಲಿರುವ ಉಪಕರಣಗಳು ಈ ಎರಡು ಕೆಲಸಕ್ಕೆಂದೇ ರೂಪುಗೊಂಡವು.

1. ಮೊದಲು ಎಕ್ಸ್-ರೇ, ಆಮೇಲೆ ಟ್ರೇ. ಬೇರು ಎಷ್ಟು, ಬಾಗಿದೆಯೇ, ತುದಿ ದಪ್ಪಗಾಗಿದೆಯೇ ನೋಡಿಕೊಳ್ಳಿ. ಯಾವ ಎಲಿವೇಟರ್, ಯಾವ ಫೋರ್ಸೆಪ್ಸ್ ಎಂಬುದು ಅಲ್ಲೇ ತೀರ್ಮಾನವಾಗಬೇಕು. ಬೇರು ಮುರಿದರೆ ಬೇಕಾಗುವ ಉಪಕರಣವೂ ಕೈಗೆಟುಕುವಂತಿರಲಿ. ಬಾಯಿ ತೆರೆದು ಕೂತವರ ಮುಂದೆ ಡ್ರಾಯರ್ ಹುಡುಕುತ್ತಾ ನಿಲ್ಲಬೇಡಿ.

2. ಚೇರಿನ ಎತ್ತರ ಸರಿಮಾಡಿ. ಮೇಲ್ದವಡೆಯ ಹಲ್ಲಾದರೆ ರೋಗಿಯ ಬಾಯಿ ನಿಮ್ಮ ಮೊಣಕೈಗೂ ಭುಜಕ್ಕೂ ನಡುವೆ, ಕೆಳದವಡೆಯದಾದರೆ ಮೊಣಕೈಗಿಂತ ಕೆಳಗೆ. ಬಲಗೈಯವರು ಕೆಳಗಿನ ಬಲಭಾಗದ ಹಲ್ಲುಗಳಿಗೆ ಮಾತ್ರ ರೋಗಿಯ ಹಿಂದೆ ನಿಲ್ಲಬೇಕು. ಉಳಿದೆಲ್ಲಕ್ಕೂ ಬಲಮುಂಭಾಗವೇ ಸರಿ.

3. ಒಸಡನ್ನು ಬಿಡಿಸದೆ ಮುಂದೆ ಹೋಗಬೇಡಿ. ಪೆರಿಯಾಸ್ಟಿಯಲ್ ಎಲಿವೇಟರ್‌ನಿಂದ ಹಲ್ಲಿನ ಸುತ್ತ ಒಸಡನ್ನು ಮೆಲ್ಲಗೆ ಸರಿಸಿ. ಇಲ್ಲದಿದ್ದರೆ ಫೋರ್ಸೆಪ್ಸ್‌ನ ಕೊಕ್ಕಿಗೆ ಒಸಡೂ ಸಿಕ್ಕಿ ಹರಿಯುತ್ತದೆ. ಇಂಜೆಕ್ಷನ್‌ನಿಂದ ಜಾಗ ಮರಗಟ್ಟಿದೆಯೋ ಇಲ್ಲವೋ ತಿಳಿಯುವುದೂ ಈ ಹೊತ್ತಿನಲ್ಲೇ. “ಒತ್ತಿದ್ದು ಗೊತ್ತಾಗುತ್ತೆ ಅಮ್ಮಾ, ನೋವಾದ್ರೆ ಮಾತ್ರ ಎಡಗೈ ಎತ್ತಿ” ಎಂದು ಮೊದಲೇ ಹೇಳಿ. ಆ ಕೈ ಎದ್ದರೆ ನಿಲ್ಲಿಸಿ, ಇನ್ನಷ್ಟು ಇಂಜೆಕ್ಷನ್ ಕೊಟ್ಟು ಕಾಯಿರಿ. ಎತ್ತಿದ ಕೈಯನ್ನು ಕಡೆಗಣಿಸಿದರೆ ಆ ರೋಗಿ ಮತ್ತೆ ದಂತವೈದ್ಯರ ಬಾಗಿಲು ತುಳಿಯದೇ ಹೋಗಬಹುದು.

4. ಎಲಿವೇಟರ್‌ಗೆ ಹೆಚ್ಚು ಸಮಯ ಕೊಡಿ. ಇದು ಮೀಟುವ ಸಾಧನ. ಅದರ ತಗ್ಗು ಮೈ ಕೀಳಬೇಕಾದ ಹಲ್ಲಿನ ಕಡೆಗಿರಬೇಕು, ಬೆನ್ನು ಮೂಳೆಯ ಮೇಲೆ ಊರಬೇಕು. ಪಕ್ಕದ ಹಲ್ಲಿಗೆ ಊರಿ ಮೀಟಿದರೆ ಅದೂ ಸಡಿಲವಾಗುತ್ತದೆ, ಅದರ ಫಿಲ್ಲಿಂಗ್ ಒಡೆಯುತ್ತದೆ. ಕೂಪ್‌ಲ್ಯಾಂಡ್ ಎಲಿವೇಟರ್‌ನಲ್ಲಿ ಒಂದು, ಎರಡು, ಮೂರು ಎಂಬ ಅಳತೆಗಳಿವೆ. ಸಣ್ಣದರಿಂದ ಶುರುಮಾಡಿ, ಜಾಗ ಬಿಟ್ಟಂತೆ ದೊಡ್ಡದಕ್ಕೆ ಹೋಗಿ. ತೆಳು ಅಲಗಿನ ಲಕ್ಸೇಟರ್ ನೋಡಲು ಇದರಂತೆಯೇ ಇದ್ದರೂ ಅದರ ಕೆಲಸ ಬೇರಿನುದ್ದಕ್ಕೂ ಇಳಿದು ನಾರು ಕತ್ತರಿಸುವುದು. ಅದರಿಂದ ಮೀಟಿದರೆ ಅಲಗು ಬಾಗೀತು, ಮುರಿದೀತು. ಯಾವುದನ್ನೇ ಹಿಡಿದರೂ ತೋರುಬೆರಳು ತುದಿಯ ಹತ್ತಿರವಿದ್ದು ತಡೆಯಾಗಿರಲಿ. ಜಾರಿದ ಎಲಿವೇಟರ್ ಅಂಗುಳಕ್ಕೋ ನಾಲಿಗೆಗೋ ನೆಡುವುದು ಕ್ಷಣದ ಕೆಲಸ. ಹಲ್ಲು ಕಣ್ಣಿಗೆ ಕಾಣುವಷ್ಟು ಅಲುಗುವವರೆಗೆ ಫೋರ್ಸೆಪ್ಸ್ ಮುಟ್ಟಬೇಡಿ.

5. ಬೇರಿನ ಆಕಾರ ನೋಡಿ ಕೊಕ್ಕು ಆರಿಸಿ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಬೀಗದ ಕೈಯಂತೆ ತಿರುಗಿಸುವ ‘ಟೂತ್ ಕೀ’. ಹಲ್ಲಿನ ಜೊತೆಗೆ ದವಡೆಯ ಚೂರನ್ನೂ ಅದು ಮುರಿಯುತ್ತಿತ್ತು. 1841ರಲ್ಲಿ ಇಂಗ್ಲೆಂಡಿನ ಜಾನ್ ಟೋಮ್ಸ್ ಒಂದೊಂದು ಹಲ್ಲಿನ ಕುತ್ತಿಗೆಗೂ ಹೊಂದುವ ಕೊಕ್ಕಿನ ಫೋರ್ಸೆಪ್ಸ್‌ಗಳ ಬಗ್ಗೆ ಬರೆದರು. ಉಪಕರಣ ತಯಾರಕ ಎವ್ರಾರ್ ಅವುಗಳನ್ನು ಮಾಡಿಕೊಟ್ಟರು. ಇಂದು ನಿಮ್ಮ ಕೈಯಲ್ಲಿರುವುದೂ ಅದೇ ವಿಚಾರ. ಮೇಲಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಕೆನ್ನೆಯ ಕಡೆ ಎರಡು ಬೇರು, ಅಂಗುಳದ ಕಡೆ ಒಂದು. ಹಾಗಾಗಿ ಮೊನೆಯಿರುವ ಕೊಕ್ಕು ಯಾವಾಗಲೂ ಕೆನ್ನೆಯ ಕಡೆಗೆ, ಎರಡು ಬೇರುಗಳ ಸಂದಿಗೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಜೋಡಿ ಇರುವುದು ಇದಕ್ಕೇ. ಕೆಳಗಿನ ದವಡೆ ಹಲ್ಲಿಗೆ ಹಿಂದೊಂದು ಮುಂದೊಂದು ಬೇರಿರುವುದರಿಂದ ಎರಡೂ ಕೊಕ್ಕಿಗೆ ಮೊನೆಯಿದ್ದು, ಒಂದೇ ಫೋರ್ಸೆಪ್ಸ್ ಎರಡೂ ಬದಿಗೆ ಸಾಲುತ್ತದೆ.

6. ಮೊದಲು ಬೇರಿನ ಕಡೆಗೆ ಒತ್ತಿ. ಎಳೆಯುವ ಆಸೆಯನ್ನು ಇಲ್ಲಿ ತಡೆದುಕೊಳ್ಳಿ. ಕೊಕ್ಕು ಹಲ್ಲಿನ ಉದ್ದಕ್ಕೆ ನೇರವಾಗಿದ್ದು ಒಸಡಿನೊಳಗೆ ಇಳಿದು ಬೇರನ್ನೇ ಹಿಡಿಯಬೇಕು. ಮೇಲೆ ಕಿರೀಟವನ್ನಷ್ಟೇ ಹಿಡಿದರೆ ಕಿರೀಟವಷ್ಟೇ ಕೈಗೆ ಬರುತ್ತದೆ. ಆಮೇಲೆ ಕೆನ್ನೆಯತ್ತ ನಿಧಾನವಾಗಿ ವಾಲಿಸಿ, ಕೆಲವು ಕ್ಷಣ ಹಾಗೇ ಹಿಡಿದು ನಿಲ್ಲಿ, ಮೂಳೆ ಹಿಗ್ಗಲು ಬಿಡಿ. ಮತ್ತೆ ಒಳಗಡೆಗೆ. ಮೇಲಿನ ನಡು ಬಾಚಿಹಲ್ಲಿನ ಬೇರು ದುಂಡಗಿನ ಶಂಕುವಿನಂತಿರುವುದರಿಂದ ಅದನ್ನು ತಿರುಚಬಹುದು. ಮೇಲಿನ ಮೊದಲ ಪ್ರಿಮೋಲಾರ್ ತಿರುಚಿದರೆ ಮಾತ್ರ ಅದರ ತೆಳ್ಳಗಿನ ಎರಡು ಬೇರು ಮುರಿಯುವುದು ಹೆಚ್ಚುಕಡಿಮೆ ಖಚಿತ.

7. ಎಡಗೈಗೂ ಕೆಲಸವಿದೆ. ಕೆನ್ನೆ, ನಾಲಿಗೆ ಸರಿಸುವುದು, ಮೂಳೆ ಎಷ್ಟು ಹಿಗ್ಗುತ್ತಿದೆಯೆಂದು ಬೆರಳಲ್ಲೇ ಅರಿಯುವುದು, ಕೆಳದವಡೆಯನ್ನು ಕೆಳಗಿನಿಂದ ಆನಿಸಿ ಕಿವಿಯ ಮುಂದಿನ ಕೀಲಿಗೆ ಪೆಟ್ಟಾಗದಂತೆ ಕಾಯುವುದು.

8. ಬೇರು ಮುರಿದರೆ ಗಾಬರಿ ಬೇಡ. ಕೆಳದವಡೆ ಹಲ್ಲಿನ ಒಂದು ಬೇರು ಬಂದು ಇನ್ನೊಂದು ಉಳಿದಿದ್ದರೆ ಕ್ರಯರ್ ಎಲಿವೇಟರ್ ತೆಗೆದುಕೊಳ್ಳಿ. ಖಾಲಿಯಾದ ಗೂಡಿಗೆ ಅದರ ಮೊನೆ ಇಳಿಸಿ ತಿರುಗಿಸಿದರೆ ನಡುವಿನ ಮೂಳೆ ಒಡೆದು, ಉಳಿದ ಬೇರು ಮೊನೆಗೆ ಸಿಕ್ಕಿ ಮೇಲೇಳುತ್ತದೆ. ಮೇಲ್ದವಡೆಯ ಹಿಂದಿನ ಬೇರುಗಳನ್ನು ಮಾತ್ರ ಮೇಲಕ್ಕೆ ನೂಕಬೇಡಿ, ಅವು ಸೈನಸ್ಸಿನೊಳಕ್ಕೆ ಹೋಗಿಬಿಡಬಹುದು. ಬರಲೊಲ್ಲದ ಬೇರನ್ನು ಕಾಣದೆ ಕೆದಕುವ ಬದಲು ಹಿರಿಯರನ್ನು ಕರೆಯಿರಿ. ಮಕ್ಕಳ ಹಾಲುಹಲ್ಲಿನ ದವಡೆಗೆ ಗೋವಿನ ಕೊಂಬಿನಾಕಾರದ ಕೌಹಾರ್ನ್ ಫೋರ್ಸೆಪ್ಸ್ ಬೇಡವೇ ಬೇಡ. ಬೇರುಗಳ ನಡುವೆ ಇಳಿಯುವ ಅದರ ತುದಿಗೆ ಅಡಿಯಲ್ಲಿ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆ ಸಿಕ್ಕೀತು.

9. ಹಲ್ಲು ಬಂದ ಮೇಲೂ ನೋಡಬೇಕಾದ್ದಿದೆ. ಬೇರಿನ ತುದಿಗಳು ನುಣುಪಾಗಿ, ಪೂರ್ತಿ ಇವೆಯೇ ಗಮನಿಸಿ. ಹಿಗ್ಗಿದ ಗೂಡನ್ನು ಬೆರಳುಗಳ ನಡುವೆ ಅಮುಕಿ ಹತ್ತಿರ ತನ್ನಿ. ಗಾಜ್ ಇಟ್ಟು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಕೊಳ್ಳಲು ಹೇಳಿ. ಆ ದಿನವೆಲ್ಲ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಬೀಡಿ ಸಿಗರೇಟು ಸೇದಬಾರದೆಂದು ರೋಗಿಗೂ ಜೊತೆಗೆ ಬಂದವರಿಗೂ ಹೇಳಿ, ಚೀಟಿಯಲ್ಲೂ ಬರೆದುಕೊಡಿ. ಆಮೇಲೆ ಫೋರ್ಸೆಪ್ಸ್‌ನ ಕೀಲು ಬಿಡಿಸಿ ಬ್ರಷ್‌ನಿಂದ ತಿಕ್ಕಿ, ಬಾಯಿ ತೆರೆದೇ ಆಟೋಕ್ಲೇವ್‌ಗೆ ಇಡಿ. ಮುಚ್ಚಿದ ಕೀಲಿನಲ್ಲಿ ಒಣಗಿದ ರಕ್ತ ಉಳಿದರೆ 121 ಡಿಗ್ರಿಯ ಹಬೆಯೂ ಅಲ್ಲಿಗೆ ತಲುಪುವುದಿಲ್ಲ.